ಗಣಿಯವರು ಓದಿದ ಗುಡ್ಡ, ಊರವರು ಓದದ ಗುಡ್ಡ

1983ರಲ್ಲಿ ಶಿರಸಿ ಸೀಮೆಯಲ್ಲಿ ಅಪ್ಪಿಕೋ ಆರಂಭವಾದಂದಿನಿಂದ ಇಂದಿನವರೆಗೆ ಮಲೆನಾಡಿನ ಪರಿಸರ ಚಳವಳಿ ಬಹಳಷ್ಟನ್ನು ಕಲಿತಿದೆ. ಸಿಂಗಳೀಕದ ಗುಂಪು ಯಾವ ಕಣಿವೆಯಲ್ಲಿದೆ, ರಾಂಪತ್ರೆ ಜಡ್ಡಿ ಎಲ್ಲಿ ಉಳಿದಿದೆ, ಮಂಗಟ್ಟೆ ಹಕ್ಕಿ ಯಾವ ಮರದ ಪೊಟರೆಯಲ್ಲಿ ಗೂಡು ಕಟ್ಟುತ್ತದೆ ಎಂಬುದನ್ನು ಇಂದು ಹಳ್ಳಿಯ ಕಾರ್ಯಕರ್ತರೂ ದಾಖಲೆ ಸಮೇತ ಹೇಳಬಲ್ಲರು. ಆದರೆ ಆ ಮರ ಬೇರೂರಿರುವ ಕಲ್ಲು ಯಾವುದು, ಅದರ ವಯಸ್ಸೆಷ್ಟು, ಅದರೊಳಗೆ ನೀರು ಹೇಗೆ ಇಳಿಯುತ್ತದೆ ಎಂದು ಕೇಳಿದರೆ ಅದೇ ಚಳವಳಿ ಮೌನವಾಗುತ್ತದೆ. ಮರಕ್ಕೆ ವಕೀಲರಿದ್ದಾರೆ, ಮೃಗಕ್ಕೆ ವಕೀಲರಿದ್ದಾರೆ. ಗುಡ್ಡಕ್ಕೆ ಇಲ್ಲ.

ಗುಡ್ಡವನ್ನು ಬಲ್ಲವರೇ ಇಲ್ಲವೆಂದಲ್ಲ. ಬಲ್ಲವರಿದ್ದಾರೆ, ಆದರೆ ಅವರು ಬಹುಪಾಲು ಗಣಿಯ ಪರವಾಗಿ ಬಂದವರು. ಕರ್ನಾಟಕದ ಇಲಾಖೆಯೊಂದರ ಹೆಸರನ್ನೇ ಗಮನಿಸಬಹುದು: ಗಣಿ ಮತ್ತು ಭೂವಿಜ್ಞಾನ ಇಲಾಖೆ. ಗಣಿ ಮೊದಲು, ವಿಜ್ಞಾನ ಆಮೇಲೆ. 1894ರಲ್ಲಿ ಮೈಸೂರು ಸಂಸ್ಥಾನ ಸ್ಥಾಪಿಸಿದ ಭೂವಿಜ್ಞಾನ ಇಲಾಖೆಯ ಪರಂಪರೆ ಸಣ್ಣದೇನಲ್ಲ. ದಕ್ಷಿಣ ಭಾರತದ ತಳಪಾಯದ ಶಿಲೆಗೆ 'ಪೆನಿನ್ಸುಲರ್ ನೈಸ್' ಎಂಬ ಹೆಸರು ಬಂದದ್ದು ಆ ಇಲಾಖೆಯ ಸ್ಮೀತ್ ಅವರಿಂದ. ಅದೇ ಇಲಾಖೆಯ ನಿರ್ದೇಶಕರಾಗಿದ್ದ ಬಿ.ಪಿ. ರಾಧಾಕೃಷ್ಣ ಅವರು ಪಶ್ಚಿಮ ಘಟ್ಟಗಳ ಹುಟ್ಟಿನ ಬಗ್ಗೆ ಆಳವಾಗಿ ಚಿಂತಿಸಿದರು, ಕನ್ನಡದಲ್ಲಿಯೂ ಬರೆದರು. ಇಷ್ಟೆಲ್ಲ ಜ್ಞಾನ ಕೂಡಿಟ್ಟ ನಾಡಿನಲ್ಲಿ ಮಲೆನಾಡಿನ ಶಾಲೆಯ ಮಗು ಜಪಾನಿನ ಜ್ವಾಲಾಮುಖಿಯ ಹೆಸರು ಬಾಯಿಪಾಠ ಮಾಡುತ್ತದೆ. ಶಾಲೆಯ ಹಿಂದಿನ ಧರೆಯಲ್ಲಿ ಕಾಣುವ ಕೆಂಪು, ಹಳದಿ, ಬಿಳಿ ಪದರಗಳೇನೆಂದು ಅದಕ್ಕೆ ಯಾರೂ ಹೇಳಿಕೊಡುವುದಿಲ್ಲ.

ಇದಕ್ಕೆ ಜನರ ಅಜ್ಞಾನವನ್ನು ದೂರುವುದು ತಪ್ಪು. ಕನ್ನಡ ನುಡಿಯೇ ಕಲ್ಲನ್ನು ಚೆನ್ನಾಗಿ ಬಲ್ಲದು. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಕೆಂಪು ಕಲ್ಲಿಗೆ ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಜಗತ್ತು ಅದನ್ನು ಹೊಸ ಶೋಧವೆಂದು ಸ್ವೀಕರಿಸಿತು. ಮಲೆನಾಡಿಗರು ಅದೇ ಕಲ್ಲನ್ನು ಜಂಬಿಟ್ಟಿಗೆ ಎನ್ನುತ್ತಾರೆ. ಇಟ್ಟಿಗೆ ಆ ಹೆಸರಿನೊಳಗೇ ಇದೆ. ಕರಾವಳಿಯವರು ಅದನ್ನು ಮುರಕಲ್ಲು, ಚಿರೆಕಲ್ಲು ಎನ್ನುತ್ತಾರೆ. ಅದರ ಕೆಳಗೆ ಸಿಗುವ ನುಣುಪಾದ ಬಿಳಿ ಜೇಡಿಯನ್ನು ಶೇಡಿ ಮಣ್ಣು ಎಂದು ಬೇರೆಯಾಗಿಯೇ ಗುರುತಿಸುತ್ತಾರೆ. ಕೆಮ್ಮಣ್ಣುಗುಂಡಿ ಎಂಬ ಊರ ಹೆಸರು ಅಲ್ಲಿನ ಅದಿರಿನ ವರದಿಯಂತಿದೆ. 'ಘಟ್ಟದ ಮೇಲೆ', 'ಘಟ್ಟದ ಕೆಳಗೆ' ಎಂಬ ಮಾತಂತೂ ಭೂವಿಜ್ಞಾನದ ಒಂದು ದೊಡ್ಡ ಸತ್ಯವನ್ನೇ ಹೇಳುತ್ತದೆ. ಸಹ್ಯಾದ್ರಿಯು ಹಿಮಾಲಯದಂತೆ ಮಡಿಕೆ ಬಿದ್ದು ಎದ್ದ ಪರ್ವತವಲ್ಲ. ಅದು ಪ್ರಸ್ಥಭೂಮಿಯ ಪಶ್ಚಿಮದ ಅಂಚು, ಒಂದು ಮಹಾ ಮೆಟ್ಟಿಲು. ಜನರಿಗೆ ಅನುಭವದಿಂದ ತಿಳಿದದ್ದನ್ನು ಪಠ್ಯಪುಸ್ತಕ 'ಪರ್ವತ ಶ್ರೇಣಿ' ಎಂದು ಮರೆಸಿತು.

ಆ ಮೆಟ್ಟಿಲಿನ ಕಥೆಯನ್ನು ಸಂಕ್ಷೇಪವಾಗಿಯಾದರೂ ಹೇಳಬೇಕು; ಏಕೆಂದರೆ ಏನನ್ನು ಕಳೆದುಕೊಳ್ಳಲಾಗುತ್ತಿದೆ ಎಂದು ತಿಳಿಯದೆ ಅದಕ್ಕಾಗಿ ಹೋರಾಡಲು ಬರುವುದಿಲ್ಲ. ಕರ್ನಾಟಕದ ತಳದಲ್ಲಿರುವ ನೈಸ್ ಶಿಲೆ ಮುನ್ನೂರು ಕೋಟಿ ವರ್ಷಗಳಷ್ಟು, ಕೆಲವೆಡೆ ಅದಕ್ಕಿಂತಲೂ ಹಳೆಯದು. ಅದರ ಮೇಲೆ ಬಾಬಾಬುಡನ್, ಕುದುರೆಮುಖ, ಶಿವಮೊಗ್ಗ, ಚಿತ್ರದುರ್ಗ ಸೀಮೆಗಳಲ್ಲಿ ಧಾರವಾಡ ಶಿಲಾಸಮೂಹ ಕೂತಿದೆ. ಲಾವಾ, ಮರಳು, ಕೆಸರು, ಸುಣ್ಣ ಮತ್ತು ಕಬ್ಬಿಣದ ಪದರಗಳ ಈ ಸಮೂಹ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನದು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಆ ಕಾಲದ ಸಮುದ್ರದಲ್ಲಿ ಕಬ್ಬಿಣ ಕರಗಿಯೇ ಇರುತ್ತಿತ್ತು. ಅದು ಸಿಲಿಕಾದೊಡನೆ ಪಟ್ಟೆಪಟ್ಟೆಯಾಗಿ ತಳಕ್ಕಿಳಿದು ಗಟ್ಟಿಯಾಯಿತು. ಇಂದು ಅದಿರು ಎಂದು ಲಾರಿಗೆ ತುಂಬುವುದು ಆ ಸಮುದ್ರದ ತಳವನ್ನು.

ಇಷ್ಟೇ ಅಲ್ಲ. ಶಿವಮೊಗ್ಗ–ಚಿತ್ರದುರ್ಗ ಸೀಮೆಯ ಸುಣ್ಣಕಲ್ಲಿನ ಪದರಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪಳೆಯುಳಿಕೆಗಳಿವೆ. ಪಳೆಯುಳಿಕೆ ಎಂದೊಡನೆ ಡೈನೋಸಾರಿನ ಮೂಳೆಯನ್ನು ನಿರೀಕ್ಷಿಸುವವರಿಗೆ ಇವು ನಿರಾಸೆ ತರಬಹುದು. ಕಲ್ಲಿನ ಮೈಮೇಲೆ ಒಂದರೊಳಗೊಂದು ಕೂತ ಗುಮ್ಮಟದಂಥ ತೆಳು ಗೆರೆಗಳು ಮಾತ್ರ ಕಾಣುತ್ತವೆ. ಆದರೆ ಅವು ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಹಾಸು ಪದರದ ಮೇಲೆ ಪದರವಾಗಿ ಬೆಳೆದ ಗುರುತು. ಭೂಮಿಯ ಮೇಲಿನ ಜೀವದ ಅತ್ಯಂತ ಹಳೆಯ ಸಾಕ್ಷಿಗಳ ಸಾಲಿಗೆ ಸೇರಿದವು. ಹುಲಿಗೂ ಆನೆಗೂ ಮನುಷ್ಯನಿಗೂ ಮೂಲವಾದ ಜೀವದ ವಂಶಾವಳಿಯ ಮೊದಲ ಪುಟಗಳು ಮಲೆನಾಡಿನ ಮಗ್ಗುಲಲ್ಲೇ ಇವೆ. ಸುಣ್ಣಕಲ್ಲನ್ನು ಸಿಮೆಂಟಿನ ಕಚ್ಚಾವಸ್ತುವೆಂದು ಮಾತ್ರ ನೋಡುವ ಕಣ್ಣಿಗೆ ಈ ಪುಟಗಳು ಕಾಣುವುದಿಲ್ಲ.

ಬಳಿಕ ಬಹುಕಾಲ ಕಳೆದು, ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಭಾರತವೂ ಮಡಗಾಸ್ಕರವೂ ಬೇರ್ಪಟ್ಟವು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಕಂಬವಾಗಿ ಸೀಳಿ ನಿಂತಿರುವ ಲಾವಾ ಆ ಅಗಲಿಕೆಯ ಕಾಲದ್ದು, ಸುಮಾರು 8.8 ಕೋಟಿ ವರ್ಷಗಳಷ್ಟು ಹಳೆಯದು. ಬೆಳಗಾವಿಯಿಂದ ಉತ್ತರಕ್ಕೆ ಹಬ್ಬಿರುವ ದಖ್ಖನ್ ಲಾವಾ ಅದಕ್ಕಿಂತ ಈಚಿನದು, ಸುಮಾರು 6.6 ಕೋಟಿ ವರ್ಷದ್ದು. ಘಟ್ಟದ ಅಂಚು ಈ ಲಾವಾವನ್ನೂ ದಕ್ಷಿಣದ ಪುರಾತನ ಶಿಲೆಗಳನ್ನೂ ಒಂದೇ ಗೆರೆಯಲ್ಲಿ ಕತ್ತರಿಸಿಕೊಂಡು ಸಾಗುತ್ತದೆ. ತುಂಗೆ, ಭದ್ರೆಯರು ಪಶ್ಚಿಮ ಸಮುದ್ರದ ಸಮೀಪ ಹುಟ್ಟಿಯೂ ಅದಕ್ಕೆ ಬೆನ್ನು ಮಾಡಿ ಪೂರ್ವಕ್ಕೆ ಹರಿಯುವುದು ಈ ಬಾಗಿದ ನೆಲದಿಂದಾಗಿ. ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕುವುದು ಈ ಮೆಟ್ಟಿಲಿನ ದೆಸೆಯಿಂದ. ಕೆಳಗಿನಿಂದ ಬೀಸುವ ಮುಂಗಾರು ಈ ಗೋಡೆಗೆ ತಾಗಿಯೇ ಆಗುಂಬೆಯಲ್ಲಿ ಮಳೆಯಾಗಿ ಸುರಿಯುವುದು. ಕಾಡು, ಮಳೆ, ನದಿ, ಗದ್ದೆ, ತೋಟ ಎಲ್ಲವೂ ಈ ಕಲ್ಲಿನ ಮೇಲೆ ಬರೆದ ಬರಹ.

ಈ ಬರಹವನ್ನು ಯಾರು ಓದಿದರು? ಕುದುರೆಮುಖದ ಉದಾಹರಣೆ ಸಾಕು. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರು ಕಂಪನಿಯು ಇರಾನಿಗೆ ಅದಿರು ಕೊಡಲೆಂದು ಅಲ್ಲಿ ಕಾಲಿಟ್ಟಿತು. ಇರಾನಿನಲ್ಲಿ ಕ್ರಾಂತಿಯಾಗಿ ಕೊಳ್ಳುವವರೇ ಹಿಂದೆ ಸರಿದರೂ ಗಣಿ ನಿಲ್ಲಲಿಲ್ಲ. ಅಲ್ಲಿಯ ಅದಿರಿನಲ್ಲಿ ಕಬ್ಬಿಣದ ಪಾಲು ಶೇಕಡಾ 40ಕ್ಕೂ ಕಡಿಮೆ. ಅದನ್ನು ಅರೆದು, ತೊಳೆದು, ಸಾಂದ್ರಗೊಳಿಸಿ, ನೀರಿನೊಂದಿಗೆ ಕೊಳವೆಯಲ್ಲಿ ಮಂಗಳೂರಿಗೆ ಹರಿಸಲಾಯಿತು. ಉಳಿದ ಹೂಳನ್ನು ನಿಲ್ಲಿಸಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಲಾಯಿತು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಸೀಮೆಯಲ್ಲಿ ಒಂದು ಕಣಿವೆಯೇ ಹೂಳಿನ ತೊಟ್ಟಿಯಾಯಿತು. ಗುಡ್ಡದ ಪ್ರತಿ ಪದರವನ್ನೂ ಕೊರೆದು, ಅಳೆದು, ನಕ್ಷೆ ಮಾಡಿ ಓದಿದ್ದರು, ನಿಜ. ಆದರೆ ಓದಿದ್ದು ಎಷ್ಟು ತೆಗೆಯಬಹುದು ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕಲು. ಆ ಗಟ್ಟಿ ಪದರವು ಸುಲಭವಾಗಿ ಸವೆಯದ ಕಾರಣಕ್ಕೇ ಇಂಥ ಬೆಟ್ಟಗಳು ಎತ್ತರವಾಗಿ ಉಳಿದಿವೆ, ಎತ್ತರವಾಗಿರುವುದರಿಂದಲೇ ಮಳೆಯನ್ನು ಹಿಡಿಯುತ್ತವೆ ಎಂಬ ಮಾತು ಅದಿರಿನ ಲೆಕ್ಕದಲ್ಲಿ ಬರುವಂಥದ್ದಲ್ಲ.

ಜನರ ಹೋರಾಟದ ಫಲವಾಗಿ 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಗೆ ಕೊನೆ ಹಾಡುವ ತೀರ್ಪು ನೀಡಿತು; 2005ರ ಅಂತ್ಯಕ್ಕೆ ಗಣಿ ನಿಂತಿತು. ಇದು ಮಲೆನಾಡಿನ ದೊಡ್ಡ ಗೆಲುವು. ಆದರೆ ಆ ಗೆಲುವಿಗೆ ಬಲ ಕೊಟ್ಟದ್ದು ಅರಣ್ಯ ಕಾನೂನು, ವನ್ಯಜೀವಿ ಕಾನೂನು. ಅಲ್ಲಿ ಕಾಡಿತ್ತು, ರಾಷ್ಟ್ರೀಯ ಉದ್ಯಾನವಿತ್ತು, ಆದ್ದರಿಂದ ಗುಡ್ಡ ಉಳಿಯಿತು. ಕಾಡಿಲ್ಲದ ಗುಡ್ಡದ ಗತಿಯೇನು? ಬಯಲು ಸೀಮೆಯ ಅಂಚಿನ ಬೋಳುಗುಡ್ಡಗಳು, ಹುಲ್ಲಷ್ಟೇ ಬೆಳೆಯುವ ಜಂಬಿಟ್ಟಿಗೆ ಬಯಲುಗಳು, ಕಲ್ಲರೆಗಳು ಸರ್ಕಾರಿ ಕಡತದಲ್ಲಿ 'ಪಾಳುಭೂಮಿ'. ಅವುಗಳ ಪರವಾಗಿ ಹೇಳಲು ಯಾವ ಕಾನೂನಿನಲ್ಲೂ ಒಂದು ವಾಕ್ಯ ಸಿಗುವುದು ಕಷ್ಟ. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದಾಗಲೂ ಮಾನ್ಯವಾದದ್ದು ಪರಿಸರ ವ್ಯವಸ್ಥೆ ಮತ್ತು ಜೀವವೈವಿಧ್ಯದ ಮಾನದಂಡಗಳು ಮಾತ್ರ. ಭೂಮಿಯ ಚರಿತ್ರೆಗೆಂದೇ ಯುನೆಸ್ಕೋದಲ್ಲಿ ಪ್ರತ್ಯೇಕ ಮಾನದಂಡವಿದೆ. ಅದು ಇಲ್ಲಿ ಸೇರಲಿಲ್ಲ. ಕರ್ನಾಟಕದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಹೆಸರಾದ ಲಾಲ್‌ಬಾಗಿನ ಬಂಡೆ, ಮರಡಿಹಳ್ಳಿಯ ದಿಂಬು ಲಾವಾ, ಕೋಲಾರ ಸೀಮೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ, ಸೇಂಟ್ ಮೇರೀಸ್ ದ್ವೀಪ, ಈ ನಾಲ್ಕರಲ್ಲಿ ಒಂದೂ ಘಟ್ಟದ ಮೇಲಿನದಲ್ಲ.

ಇದೆಲ್ಲ ಕಲ್ಲಿನ ಹುಚ್ಚಿರುವವರ ಚಿಂತೆ, ಬದುಕಿಗೂ ಇದಕ್ಕೂ ಏನು ಸಂಬಂಧ ಎನ್ನುವವರು ಈಚಿನ ಮಳೆಗಾಲಗಳನ್ನು ನೆನಪಿಸಿಕೊಳ್ಳಲಿ. 2018ರ ಆಗಸ್ಟಿನಲ್ಲಿ ಕೊಡಗು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2021ರಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು, ಅದೇ ತಿಂಗಳ 30ರಂದು ನೆರೆಯ ವಯನಾಡು. ಕಳಚೆಯಲ್ಲಿ ತಲೆಮಾರುಗಳ ಅಡಿಕೆ ತೋಟಗಳು ಮಣ್ಣಿನೊಂದಿಗೆ ಜಾರಿದವು. ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ವಯನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜೀವಗಳು ಹೋದವು. ಪ್ರತಿ ಬಾರಿಯೂ 'ಅತಿವೃಷ್ಟಿ' ಎಂಬ ಒಂದು ಮಾತಿನಲ್ಲಿ ಕಾರಣ ಮುಗಿಯುತ್ತದೆ. ಮಳೆ ಹೆಚ್ಚಾದದ್ದು ನಿಜ. ಆದರೆ ಅದೇ ಮಳೆಯಲ್ಲಿ ಒಂದು ಗುಡ್ಡ ನಿಂತು ಪಕ್ಕದ ಗುಡ್ಡ ಜಾರಿದ್ದೇಕೆ?

ಉತ್ತರ ಕಲ್ಲು–ಮಣ್ಣಿನ ಪದರದಲ್ಲಿದೆ. ಮೇಲೆ ರಂಧ್ರಮಯವಾದ ಜಂಬಿಟ್ಟಿಗೆ. ಅದು ಮಳೆನೀರನ್ನು ಸ್ಪಂಜಿನಂತೆ ಕುಡಿಯುತ್ತದೆ. ಕೆಳಗೆ ಶೇಡಿ, ಅದು ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಪೂರ್ತಿ ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಬೇಸಿಗೆಯಲ್ಲೂ ಅಬ್ಬಿ ನೀರು ಹರಿಯುವುದು, ತೋಟದ ತಲೆಯಲ್ಲಿ ಒರತೆ ಒಡೆಯುವುದು ಈ ಪದರಗಳ ಜೋಡಣೆಯಿಂದಲೇ. ಹಾಗೆಯೇ ಗುಡ್ಡ ಜಾರುವುದೂ ಈ ಜೋಡಣೆಯಿಂದಲೇ. ಇಳಿಜಾರಿನ ಬುಡ ಭದ್ರವಾಗಿದ್ದಷ್ಟು ಕಾಲ ಮೇಲಿನ ಭಾರ ನಿಲ್ಲುತ್ತದೆ. ರಸ್ತೆಗಾಗಿ, ಮನೆಯಂಗಳಕ್ಕಾಗಿ ಬುಡವನ್ನು ನೆಟ್ಟಗೆ ಕಡಿದರೆ ಶೇಡಿ ತೆರೆದುಕೊಳ್ಳುತ್ತದೆ, ಆನಿಕೆ ತಪ್ಪುತ್ತದೆ. ಉಳಿದ ಕೆಲಸವನ್ನು ಒಂದು ಜಡಿಮಳೆ ಮುಗಿಸುತ್ತದೆ. ಇಂಥ ಕಡೆ ಧರೆಯ ಮುಖಕ್ಕೆ ಸಿಮೆಂಟು ಬಳಿದು ನೀರು ಹೊರಬರುವ ದಾರಿ ಮುಚ್ಚುವುದು ರೋಗಕ್ಕೆ ಮದ್ದಲ್ಲ, ರೋಗವೇ.

ಇಲ್ಲಿ ಚಳವಳಿಯೂ ತನ್ನ ನಂಬಿಕೆಗಳನ್ನು ಪರೀಕ್ಷೆಗೆ ಒಡ್ಡಬೇಕು. ಗುಡ್ಡ ಜಾರಿದ ಕಡೆಯೆಲ್ಲ ಸಸಿ ನೆಟ್ಟು ವನಮಹೋತ್ಸವ ಮಾಡಿದರೆ ಸಾಲದು. ಮರದ ಬೇರು ಮೇಲ್ಮಣ್ಣನ್ನು ಹಿಡಿಯುತ್ತದೆ, ಅದಕ್ಕಿಂತ ಬಹಳ ಕೆಳಗಿನ ಜಾರುಪದರವನ್ನು ಹಿಡಿಯಲಾರದು. ಇಂಗುಗುಂಡಿಯ ಮಾತೂ ಅಷ್ಟೇ. ಸಮತಟ್ಟಾದ ಬೇಣದಲ್ಲಿ, ಬಯಲು ಸೀಮೆಯ ಗಟ್ಟಿ ನೆಲದಲ್ಲಿ ಅದು ವರ. ಕಡಿದಾದ ಇಳಿಜಾರಿನ ನೆತ್ತಿಯಲ್ಲಿ, ಅಡಿಯಲ್ಲಿ ಶೇಡಿಯಿದ್ದಲ್ಲಿ, ಉದ್ದುದ್ದ ಅಗಳ ತೋಡಿ ನೀರು ನಿಲ್ಲಿಸಿದರೆ ಕೆಳಗಿನ ಮನೆಗೆ ಅದೇ ಶಾಪವಾಗಬಹುದು. ಎಲ್ಲಿ ಇಂಗಿಸಬೇಕು, ಎಲ್ಲಿ ಬಸಿದು ಕಳಿಸಬೇಕು ಎಂಬುದನ್ನು ಕಲ್ಲನ್ನು ನೋಡಿ ತೀರ್ಮಾನಿಸಬೇಕೇ ಹೊರತು ಕರಪತ್ರ ನೋಡಿ ಅಲ್ಲ.

ಕೃಷಿಕರೂ ಹೊರತಲ್ಲ. ತೋಟಕ್ಕೆ ಹೊಸ ಮಣ್ಣು ಹಾಕಿಸುವುದು ಮಲೆನಾಡಿನ ಹಳೆಯ ಪದ್ಧತಿ. ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದ ಕಾಲದಲ್ಲಿ ಧರೆಗೆ ಆಗುತ್ತಿದ್ದ ಗಾಯ ಸಣ್ಣದು. ಈಗ ಜೆಸಿಬಿ ಒಂದು ದಿನದಲ್ಲಿ ಕೆರೆಯುವಷ್ಟನ್ನು ಹಿಂದೆ ಒಂದು ತಲೆಮಾರು ಕೆರೆಯುತ್ತಿರಲಿಲ್ಲ. ಸೊಪ್ಪಿನ ಬೆಟ್ಟವನ್ನು ಮಟ್ಟಸ ಮಾಡಿ ಅಡಿಕೆ ಸಸಿ ನೆಡುವವರು, ಜಂಬಿಟ್ಟಿಗೆ ತೆಗೆದು ಹೊಂಡವನ್ನು ಹಾಗೇ ಬಿಡುವವರು ಹೊರಗಿನವರಲ್ಲ, ಊರವರೇ. ಬಂಡೆ ಕರಗಿ ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು. ಗಣಿ ಕಂಪನಿಯನ್ನು ಬೈಯುವ ನಾಲಗೆಗೆ ಮನೆಯ ಹಿಂದಿನ ಧರೆಯ ಬಗ್ಗೆಯೂ ಎರಡು ಮಾತು ಇರಬೇಡವೇ?

ಕಬ್ಬಿಣ ಬೇಡವೇ, ಜಲ್ಲಿ ಬೇಡವೇ, ವಿದ್ಯುತ್ ಬೇಡವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇಕು. ಕೆಮ್ಮಣ್ಣುಗುಂಡಿಯ ಅದಿರಿನಿಂದ 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕೆಲಸ ಆರಂಭಿಸಿತು. ಆ ಕಬ್ಬಿಣದಲ್ಲಿ ನಾಡು ಕಟ್ಟಿದ್ದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಬೇಕು ಎಂಬುದು ಒಂದು ಮಾತು, ಎಲ್ಲಿಂದ ಬೇಕಾದರೂ ಎಷ್ಟು ಬೇಕಾದರೂ ತೆಗೆಯಬಹುದು ಎಂಬುದು ಇನ್ನೊಂದು. ಕಬ್ಬಿಣವನ್ನು ಕರಗಿಸಿ ಮತ್ತೆ ಬಳಸಬಹುದು. ಕಾಡನ್ನು, ಅರೆಬರೆಯಾದರೂ, ಮತ್ತೆ ಬೆಳೆಸಬಹುದು. ಇನ್ನೂರೈವತ್ತು ಕೋಟಿ ವರ್ಷದ ಪದರವನ್ನು ಒಮ್ಮೆ ಒಡೆದರೆ ಅದಕ್ಕೆ ಬೀಜವಿಲ್ಲ, ನರ್ಸರಿಯಿಲ್ಲ. ಕಲ್ಲಿಗೆ ಜೀವವಿಲ್ಲ, ಆದ್ದರಿಂದ ಅದು ಸಾಯುವುದಿಲ್ಲ ಎನ್ನುವವರು ಇದನ್ನು ಯೋಚಿಸಲಿ. ಶರಾವತಿ ಕಣಿವೆಯಲ್ಲಿ ಪ್ರಸ್ತಾಪವಾಗಿರುವ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆಯಲ್ಲಿ ಬಹುಭಾಗ ಮರಗಳ ಲೆಕ್ಕಕ್ಕೆ, ಸಿಂಗಳೀಕದ ಲೆಕ್ಕಕ್ಕೆ ಸಂದಿದೆ. ಆ ಲೆಕ್ಕ ಬೇಕೇ ಬೇಕು. ಆದರೆ ಸುರಂಗ ಕೊರೆಯುವುದು ಮರದೊಳಗಲ್ಲ, ಬಂಡೆಯೊಳಗೆ. ಆ ಬಂಡೆಯ ಬಿರುಕುಗಳು ಎತ್ತ ಸಾಗುತ್ತವೆ, ಮೇಲಿನ ಊರಿನ ಒರತೆ ಯಾವ ಬಿರುಕಿನಿಂದ ಬರುತ್ತದೆ ಎಂಬುದು ಜನರ ಕೈಯಲ್ಲಿರುವ ದಾಖಲೆಯಾಗಬೇಡವೇ?

ಸರ್ಕಾರದ ಕಡೆಯಿಂದ ಚಲನೆ ಇಲ್ಲವೆಂದಲ್ಲ. 2022ರ ಡಿಸೆಂಬರಿನಲ್ಲಿ ಭೂಪರಂಪರೆಯ ತಾಣಗಳ ರಕ್ಷಣೆಗೆಂದು ಒಂದು ಕರಡು ಮಸೂದೆ ಹೊರಬಂತು. ಹೊರತಂದದ್ದು ಗಣಿ ಸಚಿವಾಲಯ. ತಾಣವನ್ನು ಘೋಷಿಸುವ, ಭೂಮಿಯನ್ನು ವಶಪಡಿಸಿಕೊಳ್ಳುವ ಅಧಿಕಾರ ಕೇಂದ್ರಕ್ಕೆ. ಉಸ್ತುವಾರಿ ಅದೇ ಸಚಿವಾಲಯದ ಅಧೀನದಲ್ಲಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ. ಗುಡ್ಡ ಅಗೆಯಲು ಅನುಮತಿಸುವವರೂ ಗುಡ್ಡ ಕಾಯುವವರೂ ಒಂದೇ ಮನೆಯವರಾದರೆ ನ್ಯಾಯ ಎಲ್ಲಿ ಸಿಗಬೇಕು? 2025ರಲ್ಲಿ ಸೇಂಟ್ ಮೇರೀಸ್ ದ್ವೀಪಗಳ ಭೂಪರಂಪರೆ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಸಂತೋಷ. ಆದರೆ ಪಟ್ಟಿ ಸೇರಿದ ಕಲ್ಲಿಗೆ ಪ್ರವಾಸಿಗರು, ಸೇರದ ಕಲ್ಲಿಗೆ ಜಲ್ಲಿ ಯಂತ್ರ ಎಂಬ ವ್ಯವಸ್ಥೆ ಸಂರಕ್ಷಣೆಯಲ್ಲ.

ಭೂವಿಜ್ಞಾನದ ಹವ್ಯಾಸಿಗಳಿಗೂ ಒಂದು ಮಾತು ಸಲ್ಲಬೇಕು. ಬೆನ್ನಿಗೆ ಚೀಲ, ಕೈಯಲ್ಲಿ ಸುತ್ತಿಗೆ ಹಿಡಿದು ಬೆಟ್ಟ ಹತ್ತುವ ಆಸಕ್ತರು ಹೆಚ್ಚುತ್ತಿರುವುದು ಒಳ್ಳೆಯದೇ. ಆದರೆ ಪಳೆಯುಳಿಕೆಯನ್ನು ಒಡೆದು ಮನೆಯ ಗಾಜಿನ ಕಪಾಟಿಗೆ ಒಯ್ಯುವವರಿಗೂ ಅದಿರು ಒಯ್ಯುವವರಿಗೂ ವ್ಯತ್ಯಾಸ ಪ್ರಮಾಣದ್ದು ಮಾತ್ರ. ತಾನಿದ್ದ ಪದರದಿಂದ ಕಿತ್ತ ಕಲ್ಲು ತನ್ನ ಅರ್ಧ ಅರ್ಥವನ್ನು ಕಳೆದುಕೊಳ್ಳುತ್ತದೆ. ನೋಡಬೇಕು, ಅಳೆಯಬೇಕು, ಚಿತ್ರ ತೆಗೆಯಬೇಕು, ಬರೆದಿಡಬೇಕು. ಕಲ್ಲನ್ನು ಅಲ್ಲೇ ಬಿಡಬೇಕು. ಕಂಡದ್ದನ್ನು ಆ ಊರಿನವರಿಗೆ, ಅವರ ಮಾತಿನಲ್ಲಿ, ತಿಳಿಸಿಯೇ ಹೊರಡಬೇಕು.

ಇನ್ನು ಆಗಬೇಕಾದ ಕೆಲಸ. 2002ರ ಜೀವವೈವಿಧ್ಯ ಕಾಯಿದೆಯು ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೂ ಜನತಾ ದಾಖಲಾತಿಗೂ ಅವಕಾಶ ಕೊಟ್ಟಿದೆ. ಗಣಿಯ ಬಾಯಿಗೆ ಹೋಗಲಿದ್ದ ಅಂಬಾರಗುಡ್ಡ ಅದೇ ಕಾಯಿದೆಯಡಿ ಪಾರಂಪರಿಕ ತಾಣವಾಗಿ ಉಳಿದದ್ದು ಜನ ಬೆನ್ನುಹತ್ತಿದ್ದರಿಂದ. ಆ ದಾಖಲಾತಿಯ ಜೊತೆಗೆ ಪ್ರತಿ ಪಂಚಾಯಿತಿಯೂ ಒಂದು ಕಲ್ಲು–ಮಣ್ಣಿನ ಪುಸ್ತಕವನ್ನು ಇಡಲಿ. ಊರಿನಲ್ಲಿ ಯಾವ ಬಂಡೆ ಎಲ್ಲಿ ಹೊರಗೆ ಕಾಣುತ್ತದೆ, ಜಂಬಿಟ್ಟಿಗೆಯ ದಪ್ಪವೆಷ್ಟು, ಬಾವಿ ತೋಡಿದಾಗ ಎಷ್ಟು ಮೊಳಕ್ಕೆ ಶೇಡಿ ಸಿಕ್ಕಿತು, ಯಾವ ಒರತೆ ಯಾವ ತಿಂಗಳವರೆಗೆ ಹರಿಯುತ್ತದೆ, ಯಾವ ಧರೆ ಯಾವ ವರ್ಷ ಕುಸಿಯಿತು, ಯಾವ ಗುಡ್ಡದ ನೆತ್ತಿಯಲ್ಲಿ ಬಿರುಕು ಬಿಟ್ಟಿದೆ ಎಂಬುದನ್ನು ಬರೆದಿಡಲು ಡಾಕ್ಟರೇಟ್ ಬೇಕಿಲ್ಲ. ಬಾವಿ ತೋಡುವವರಿಗೆ, ಕಲ್ಲು ಕಡಿಯುವವರಿಗೆ, ಹಿರಿಯ ರೈತರಿಗೆ ಇದರಲ್ಲಿ ಬಹುಪಾಲು ಗೊತ್ತಿದೆ. ಅವರನ್ನು ಕೇಳುವವರು ಬೇಕು. ಶಾಲೆಯ ಮಕ್ಕಳು ಇದನ್ನು ವಿಜ್ಞಾನದ ಪಾಠವಾಗಿ ಮಾಡಲಿ. ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗಗಳು ಬಂದು ತಿದ್ದಿಕೊಡಲಿ. ರಸ್ತೆ ಅಗಲಿಸುವ, ಗಣಿ ಗುತ್ತಿಗೆ ಕೊಡುವ, ಸುರಂಗ ಕೊರೆಯುವ ಯಾವ ಕಡತವೂ ಈ ಪುಸ್ತಕವನ್ನು ಗ್ರಾಮಸಭೆಯಲ್ಲಿ ಓದಿಸದೆ ಮುಂದೆ ಹೋಗಕೂಡದೆಂದು ಹಕ್ಕೊತ್ತಾಯ ಮಾಡಬೇಕು.

ಇಂಥ ಪುಸ್ತಕವಿದ್ದಿದ್ದರೆ ಪ್ರತಿ ಗುಡ್ಡವೂ ನಿಲ್ಲುತ್ತಿತ್ತು ಎಂದು ಹೇಳಲಾಗದು. ಆದರೆ ಗುಡ್ಡದ ಬುಡ ಕಡಿಯಲು ಯಂತ್ರ ಬಂದ ದಿನ, 'ಇಲ್ಲಿ ಹತ್ತು ಅಡಿ ಕೆಳಗೆ ಶೇಡಿಯಿದೆ, ಕಡಿಯಬೇಡಿ' ಎಂದು ದಾಖಲೆ ಹಿಡಿದು ಹೇಳುವವರು ಊರಿನಲ್ಲಿಯೇ ಇರುತ್ತಿದ್ದರು. ಮುಂದಿನ ಮಳೆಗಾಲಕ್ಕೆ ಮೊದಲು ಕನಿಷ್ಠ ಒಂದು ಪಂಚಾಯಿತಿಯಲ್ಲಾದರೂ ಈ ಕೆಲಸ ಆರಂಭವಾಗಲಿ.